ಲೆಕ್ಕ ಅಂದ್ರೆ ಭಯ, ಎಪಿಡೆಮಿಯಾಲಜಿ ಓದೋ ಆಸೆ: ಯಾವ ಕೋರ್ಸ್ ತಗೊಳ್ಳಲಿ?

ಓದುಗರ ಪ್ರಶ್ನೆ: ನಾನು ಮೈಕ್ರೋಬಯಾಲಜಿ ಪದವಿ ಮುಗಿಸಿ ಕೆಲವು ವರ್ಷಗಳಿಂದ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ದಿನಾ ಸ್ಯಾಂಪಲ್ ಬರುತ್ತೆ, ರಿಪೋರ್ಟ್ ಹೋಗುತ್ತೆ. ಈ ತಿಂಗಳು ಪಾಸಿಟಿವ್ ಯಾಕೆ ಜಾಸ್ತಿ, ಇಂಥವರಿಗೇ ಯಾಕೆ ಬರ್ತಿದೆ ಅಂತ ಯಾರೂ ಕೇಳಲ್ಲ. ನನಗೆ ಅದೇ ತಿಳಿಯಬೇಕು. ಹಾಗಾಗಿ ರೋಗ ಯಾರಿಗೆ, ಎಲ್ಲಿ, ಯಾಕೆ ಬರುತ್ತೆ ಅಂತ ಓದೋ ಎಪಿಡೆಮಿಯಾಲಜಿಯಲ್ಲಿ ಮಾಸ್ಟರ್ಸ್ ಮಾಡೋ ಆಸೆ. ಆದರೆ ಶಾಲೆ ಬಿಟ್ಟ ಮೇಲೆ ಗಣಿತದ ಮುಖ ನೋಡಿಲ್ಲ. ಒಬ್ಬರು ಅದು ಡಾಕ್ಟರ್‌ಗಳಿಗೆ ಮಾತ್ರ ಅಂತಾರೆ. ಇನ್ನೊಬ್ಬರು ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ) ಮಾಡು, ದುಡ್ಡಿರೋದು ಅಲ್ಲಿ ಅಂತಾರೆ. ಮತ್ತೊಬ್ಬರು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಸಾಕು ಅಂತಾರೆ. ಕೋವಿಡ್ ಮುಗಿದ ಮೇಲೆ ಈ ಕೆಲಸಗಳೇ ಇಲ್ಲ, ಇರೋದನ್ನೂ ಎಐ ಮಾಡುತ್ತೆ ಅನ್ನೋರೂ ಇದ್ದಾರೆ. ಎರಡು ವರ್ಷ ಸಮಯ, ಕೂಡಿಟ್ಟ ದುಡ್ಡು ಎರಡನ್ನೂ ಹಾಕಬೇಕು. ಏನು ಮಾಡಲಿ?

ಉತ್ತರ: ನೀವು ಕೇಳಿರೋದು ಯಾವ ಕೋರ್ಸ್ ಅಂತ. ಆದರೆ ಅದರ ಹಿಂದೆ 'ನನ್ನಂಥವರಿಂದ ಇದು ಆಗುತ್ತಾ' ಅನ್ನೋ ಅಳುಕೇ ದೊಡ್ಡದಾಗಿ ಕಾಣ್ತಿದೆ. ಮೊದಲು ಅದನ್ನು ನೋಡೋಣ, ಯಾಕಂದ್ರೆ ಅಳುಕು ಇಟ್ಟುಕೊಂಡು ಕೋರ್ಸ್ ಆರಿಸಿದರೆ ಸುಲಭ ಅನ್ನಿಸಿದ್ದಕ್ಕೆ ಸೇರಿಬಿಡ್ತೀರಿ, ಅದು ನಿಮಗೆ ಬೇಕಾದ್ದಾಗಿರೋದಿಲ್ಲ.

ಡಾಕ್ಟರ್‌ಗಳಿಗೆ ಮಾತ್ರ ಅನ್ನೋದು ಸುಳ್ಳು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರೋ ನಂಟನ್ನು 1950ರಲ್ಲಿ ರಿಚರ್ಡ್ ಡಾಲ್ ಜೊತೆ ಸೇರಿ ತೋರಿಸಿದ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಡಾಕ್ಟರ್ ಆಗಿರಲಿಲ್ಲ. ವೈದ್ಯನಾಗಬೇಕು ಅಂತಿದ್ದವರಿಗೆ ಕ್ಷಯ ಬಂತು. ಆ ದಾರಿ ಮುಚ್ಚಿದ ಮೇಲೆ ಅಂಚೆ ಮೂಲಕ ಅರ್ಥಶಾಸ್ತ್ರದ ಪದವಿ ಮಾಡಿಕೊಂಡರು. 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ ಯಾವ ರೋಗಿಗೆ ಔಷಧ, ಯಾರಿಗಿಲ್ಲ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುವ ಏರ್ಪಾಡು ಮಾಡಿದವರೂ ಅವರೇ, ಅದೂ ಅವರಿಗೇ ಬಂದಿದ್ದ ಕಾಯಿಲೆಯ ಔಷಧಕ್ಕೆ! ಇನ್ನು ಜೆರೋಮ್ ಕಾರ್ನ್‌ಫೀಲ್ಡ್. ಎರಡು ಗುಂಪುಗಳಲ್ಲಿ ರೋಗದ ಸಾಧ್ಯತೆ ಹೋಲಿಸೋಕೆ ಆಡ್ಸ್ ರೇಶಿಯೋ ಅಂತ ನಾವು ದಿನಾ ಬಳಸೋ ಲೆಕ್ಕಕ್ಕೆ 1951ರಲ್ಲಿ ಗಟ್ಟಿ ಬುನಾದಿ ಹಾಕಿದವರು. ಅವರ ಪದವಿ ಇತಿಹಾಸದಲ್ಲಿ.

ಆದರೆ ಆ ಮಾತಲ್ಲಿ ಒಂದು ಎಳೆ ನಿಜ ಇದೆ, ಅದನ್ನೂ ಹೇಳಿಬಿಡ್ತೀನಿ. ಸರ್ಕಾರದ ಆರೋಗ್ಯ ಇಲಾಖೆಗಳಲ್ಲಿ ಮೇಲಿನ ಕೆಲವು ಹುದ್ದೆಗಳನ್ನು ವೈದ್ಯಕೀಯ ಪದವಿ ಇದ್ದವರಿಗೇ ಮೀಸಲಿಡೋ ರೂಢಿ ಸಾಕಷ್ಟು ದೇಶಗಳಲ್ಲಿದೆ. ನಿಮ್ಮ ಗುರಿ ಅಂಥ ಕುರ್ಚಿಯೇ ಆಗಿದ್ದರೆ ನೇಮಕಾತಿ ನಿಯಮ ಮೊದಲೇ ಓದಿ. ಸಂಶೋಧನೆ, ರೋಗ ನಿಗಾ, ಆಸ್ಪತ್ರೆಯ ಸೋಂಕು ನಿಯಂತ್ರಣ, ಔಷಧ ಕಂಪನಿ, ಸ್ವಯಂಸೇವಾ ಸಂಸ್ಥೆ, ಇಲ್ಲೆಲ್ಲ ನಿಮ್ಮಂಥವರೇ ತುಂಬಿದ್ದಾರೆ.

ಈಗ ಗಣಿತ. ನೀವು ಲ್ಯಾಬ್‌ನವರು, ಸೆನ್ಸಿಟಿವಿಟಿ (ರೋಗ ಇರೋರನ್ನು ಪಾಸಿಟಿವ್ ಅಂತ ಹಿಡಿಯೋ ಪ್ರಮಾಣ), ಸ್ಪೆಸಿಫಿಸಿಟಿ (ರೋಗ ಇಲ್ಲದವರನ್ನು ನೆಗೆಟಿವ್ ಅಂತ ಹೇಳೋ ಪ್ರಮಾಣ) ನಿಮಗೆ ಹೊಸದಲ್ಲ. ಸೆನ್ಸಿಟಿವಿಟಿ 90 ಪರ್ಸೆಂಟ್, ಸ್ಪೆಸಿಫಿಸಿಟಿ 95 ಪರ್ಸೆಂಟ್ ಇರೋ ಒಂದು ಕಿಟ್ ತಗೊಳ್ಳಿ. ನೂರಕ್ಕೆ ಒಬ್ಬರಿಗೆ ರೋಗ ಇರೋ ಕಡೆ 1000 ಜನರಿಗೆ ಟೆಸ್ಟ್ ಮಾಡಿದಿರಿ. ರೋಗ ಇರೋದು 10 ಜನಕ್ಕೆ, ಅದರಲ್ಲಿ 9 ಪಾಸಿಟಿವ್ ಬರುತ್ತೆ. ರೋಗ ಇಲ್ಲದ 990 ಜನರಲ್ಲಿ ನೂರಕ್ಕೆ ಐದರಂತೆ ಸುಮಾರು 50 ಸುಳ್ಳು ಪಾಸಿಟಿವ್. ಒಟ್ಟು 59ರಲ್ಲಿ ನಿಜವಾದದ್ದು 9 ಮಾತ್ರ. ಅದೇ ಕಿಟ್ಟನ್ನು ನೂರಕ್ಕೆ 20 ಜನಕ್ಕೆ ರೋಗ ಇರೋ ಕಡೆ ಒಯ್ಯಿರಿ. 200ರಲ್ಲಿ 180 ನಿಜ, 800ರಲ್ಲಿ 40 ಸುಳ್ಳು. ಈಗ ಪಾಸಿಟಿವ್ ಬಂದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ನಿಜವಾಗಿಯೂ ರೋಗ ಇದೆ. ಕಿಟ್ ಬದಲಾಗಲಿಲ್ಲ, ಜನ ಬದಲಾದರು ಅಷ್ಟೇ.

ಇಷ್ಟು ಓದುವಾಗ ಎಲ್ಲೂ ತಡವರಿಸದೆ ಬಂದಿರಾ? ಹಾಗಾದರೆ ಎಪಿಡೆಮಿಯಾಲಜಿ ಮಾಸ್ಟರ್ಸ್‌ನ ಮೊದಲ ಸೆಮಿಸ್ಟರ್‌ಗೆ ಬೇಕಾದ ತಲೆ ನಿಮಗಿದೆ. ಅಲ್ಲಿ ಬೇಕಾಗೋದು ಭಾಗಾಕಾರ, ಅನುಪಾತ, ಲಾಗರಿದಮ್, ಗ್ರಾಫ್ ಓದೋದು, ಆಮೇಲೆ ರಿಗ್ರೆಷನ್‌ನಲ್ಲಿ (ಒಂದು ಅಂಶ ಇನ್ನೊಂದರ ಜೊತೆ ಹೇಗೆ ಬದಲಾಗುತ್ತೆ ಅಂತ ಅಳೆಯೋ ಲೆಕ್ಕ) ಬಂದ ಸಂಖ್ಯೆ ಏನು ಹೇಳ್ತಿದೆ, ಏನು ಹೇಳ್ತಿಲ್ಲ ಅಂತ ಅರ್ಥ ಮಾಡಿಕೊಳ್ಳೋದು. ಲೆಕ್ಕ ಕಂಪ್ಯೂಟರ್ ಮಾಡುತ್ತೆ. ನಾನು ಪಾಠ ಮಾಡುವಾಗ ನೋಡಿದ ಹಾಗೆ ಒದ್ದಾಡುವವರು ಗಣಿತ ಮರೆತವರಲ್ಲ, ಒಂದು ವಾಕ್ಯವನ್ನು ನಿಧಾನವಾಗಿ ಓದೋ ತಾಳ್ಮೆ ಇಲ್ಲದವರು. 'ರೋಗ ಬಂದವರಲ್ಲಿ ಸಿಗರೇಟು ಸೇದೋರು ಎಷ್ಟು' ಮತ್ತು 'ಸಿಗರೇಟು ಸೇದೋರಲ್ಲಿ ರೋಗ ಬಂದವರು ಎಷ್ಟು', ಎರಡೂ ಒಂದೇ ಅಂದುಕೊಂಡು ಮುಂದೆ ಹೋಗ್ತಾರೆ, ಅಲ್ಲೇ ಎಡವುತ್ತಾರೆ.

ಬಯೋಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್ ಕಥೆ ಬೇರೆ. ಅಲ್ಲಿ ಸೇರೋದಕ್ಕೇ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ವೇರಿಯಬಲ್ ಇರೋ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಕೇಳ್ತಾರೆ. ಸೇರಿದ ಮೇಲೆ ಪ್ರಾಬಬಿಲಿಟಿ ಥಿಯರಿ, ಸೂತ್ರ ಎಲ್ಲಿಂದ ಬಂತು ಅಂತ ಸಾಧಿಸಿ ತೋರಿಸೋದು, ಎಲ್ಲವೂ ಪೆನ್ನು ಹಿಡಿದು ಮಾಡಬೇಕು. ದುಡ್ಡಿದೆ ಅಂತ ಹೇಳಿದವರು ಸುಳ್ಳು ಹೇಳಿಲ್ಲ. ಔಷಧ ಕಂಪನಿಗಳು ಮತ್ತು ಅವುಗಳಿಗೆ ಟ್ರಯಲ್ (ಔಷಧ ಪರೀಕ್ಷೆ) ನಡೆಸಿಕೊಡೋ ಸಂಸ್ಥೆಗಳು ಬಯೋಸ್ಟ್ಯಾಟಿಸ್ಟಿಶಿಯನ್‌ಗಳಿಗೆ ಒಳ್ಳೆ ಸಂಬಳ ಕೊಡುತ್ತವೆ. ಆದರೆ ನಿಮ್ಮ ಪತ್ರದಲ್ಲಿ ಸಂಬಳದ ಬಗ್ಗೆ ಇರೋದು ಬೇರೆಯವರ ಮಾತು, ನಿಮ್ಮದಲ್ಲ. ನಿಮ್ಮದು 'ಈ ತಿಂಗಳು ಯಾಕೆ ಜಾಸ್ತಿ' ಅನ್ನೋ ಪ್ರಶ್ನೆ.

ಆ ಪ್ರಶ್ನೆಯನ್ನೇ ಸ್ವಲ್ಪ ಬಿಚ್ಚೋಣ, ಎರಡು ವಿಷಯಗಳ ವ್ಯತ್ಯಾಸ ಅದರಲ್ಲೇ ಕಾಣುತ್ತೆ. ಹೋದ ತಿಂಗಳು ನಿಮ್ಮ ಲ್ಯಾಬ್‌ನಲ್ಲಿ 40 ಪಾಸಿಟಿವ್, ಈ ತಿಂಗಳು 60 ಅಂದುಕೊಳ್ಳಿ. ಜಾಸ್ತಿ ಆಯ್ತು ಅಲ್ವಾ? ಟೆಸ್ಟ್ ಎಷ್ಟು ಮಾಡಿದಿರಿ ಅಂತ ಕೇಳಿದರೆ ಹೋದ ತಿಂಗಳು 400, ಈ ತಿಂಗಳು 900. ಅಂದರೆ ನೂರಕ್ಕೆ 10 ಇದ್ದದ್ದು 7ಕ್ಕಿಂತ ಕೆಳಗೆ ಇಳಿದಿದೆ. ಹಾಗಾದರೆ ಕಮ್ಮಿ ಆಯ್ತು? ಅದನ್ನೂ ಹೇಳೋಕೆ ಬರಲ್ಲ. ಹೊಸ ಡಾಕ್ಟರ್ ಬಂದು ಸಣ್ಣ ಜ್ವರಕ್ಕೂ ಟೆಸ್ಟ್ ಬರೆದುಕೊಡ್ತಿರಬಹುದು. ಪಕ್ಕದ ಲ್ಯಾಬ್ ಮುಚ್ಚಿ ಅವರ ಸ್ಯಾಂಪಲ್ ನಿಮಗೆ ಬರ್ತಿರಬಹುದು. ನಿಮ್ಮ ರಿಜಿಸ್ಟರ್‌ನಲ್ಲಿರೋದು ಸ್ಯಾಂಪಲ್ ತೆಗೆದ ದಿನ, ರೋಗ ಶುರುವಾದ ದಿನ ಅಲ್ಲ. ಎರಡರ ನಡುವೆ ಒಂದು ವಾರ ಇದ್ದರೆ ಈ ತಿಂಗಳ ಕೇಸ್‌ಗಳಲ್ಲಿ ಒಂದಿಷ್ಟು ಹೋದ ತಿಂಗಳಿಗೆ ಸೇರಬೇಕು. ಎಲ್ಲಕ್ಕಿಂತ ಮುಖ್ಯ, ಆಸ್ಪತ್ರೆಗೇ ಬರದವರು ನಿಮ್ಮ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಈ ಸಂಖ್ಯೆ ಹುಟ್ಟಿದ್ದು ಹೇಗೆ, ಇದರೊಳಗೆ ಯಾರು ಬಂದರು, ಯಾರು ಬಿಟ್ಟುಹೋದರು, ಯಾವುದರಿಂದ ಭಾಗಿಸಬೇಕು? ಇದನ್ನು ಕೇಳ್ತಾ ಕೂರೋದು ಎಪಿಡೆಮಿಯಾಲಜಿ. ಸಂಖ್ಯೆ ಸರಿಯಾಗಿದೆ ಅಂತಾದ ಮೇಲೆ, ಈ ಏರಿಳಿತ ಸುಮ್ನೆ ಆಕಸ್ಮಿಕವಾಗಿ ಬರಬಹುದಾದಷ್ಟೇನಾ, ನಮ್ಮ ಅಂದಾಜು ಎಷ್ಟರ ಮಟ್ಟಿಗೆ ಅಲುಗಾಡಬಹುದು, ಒಂದೇ ವಾರ್ಡಿನ ರೋಗಿಗಳು ಒಬ್ಬರಿಂದೊಬ್ಬರಿಗೆ ಹಚ್ಚಿಕೊಂಡಿದ್ದರೆ ಅವರನ್ನು ಬೇರೆ ಬೇರೆ ಕೇಸ್ ಅಂತ ಎಣಿಸಿದ ಲೆಕ್ಕ ಎಲ್ಲಿ ತಪ್ಪುತ್ತೆ, ಅದಕ್ಕೆ ಯಾವ ವಿಧಾನ ಕಟ್ಟಬೇಕು ಅನ್ನೋದು ಬಯೋಸ್ಟ್ಯಾಟಿಸ್ಟಿಕ್ಸ್. ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ನಡೆಯಲ್ಲ. ಆದರೆ ನಿಮಗೆ ರಾತ್ರಿ ನಿದ್ದೆ ಕೆಡಿಸೋದು ಮೊದಲನೇ ಥರದ ಪ್ರಶ್ನೆಯೋ, ಎರಡನೇ ಥರದ್ದೋ ಅಂತ ನೋಡಿಕೊಳ್ಳಿ.

ಭಾಗಿಸೋ ಸಂಖ್ಯೆಗೆ ಇಷ್ಟೊಂದು ಒತ್ತು ಯಾಕೆ ಅಂದರೆ, ಇಡೀ ವಿಷಯ ಬೆಳೆದಿದ್ದೇ ಹಾಗೆ. ಕಾಲರಾ ನೀರಿಂದ ಹರಡುತ್ತೆ ಅಂತ ತೋರಿಸಿದ ವೈದ್ಯ ಜಾನ್ ಸ್ನೋ ಅಂದ ಕೂಡಲೇ ಎಲ್ಲರೂ 1854ರ ಲಂಡನ್, ಬ್ರಾಡ್ ಸ್ಟ್ರೀಟ್ ಪಂಪು, ಕಾಲರಾ ನಕ್ಷೆ ಅಂತಾರೆ. ನನ್ನ ಪ್ರಕಾರ ಅವರ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ದಕ್ಷಿಣ ಲಂಡನ್‌ನ ಕೆಲವು ಕಡೆ ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ನೀರಿನ ಪೈಪ್ ಓಡ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲೇ ಊರಿನ ಕೊಳಚೆ ಸೇರದ ಕಡೆ, ಥೇಮ್ಸ್ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಕೊಳಚೆ ನೀರೇ ಕೊಡ್ತಿತ್ತು. ಸ್ನೋ ಸತ್ತವರನ್ನಷ್ಟೇ ಎಣಿಸಲಿಲ್ಲ, ಮನೆಗಳನ್ನೂ ಲೆಕ್ಕ ಹಿಡಿದರು. ಸದರ್ಕ್ ಕಂಪನಿಯ 40,046 ಮನೆಗೆ 1,263 ಸಾವು, ಲ್ಯಾಂಬೆತ್‌ನ 26,107 ಮನೆಗೆ 98. ಹತ್ತು ಸಾವಿರ ಮನೆಗೆ 315 ಮತ್ತು 37. ಮನೆಗಳ ಸಂಖ್ಯೆ ಇಲ್ಲದೆ ಹೋಗಿದ್ದರೆ 'ಆ ಕಂಪನಿ ದೊಡ್ಡದು, ಗಿರಾಕಿ ಜಾಸ್ತಿ, ಸಾವೂ ಜಾಸ್ತಿ' ಅಂತ ಯಾರು ಬೇಕಾದರೂ ತಳ್ಳಿಹಾಕಬಹುದಿತ್ತು.

ಸರಿಯಾಗಿ ಭಾಗಿಸಿದರೂ ಮೋಸ ಹೋಗಬಹುದು ಅನ್ನೋದು ಮುಂದಿನ ಪಾಠ, ಮಾಸ್ಟರ್ಸ್‌ನ ಅರ್ಧ ಸಮಯ ಇದಕ್ಕೇ ಹೋಗುತ್ತೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತಗೊಂಡ ಹೆಂಗಸರಲ್ಲಿ ಹೃದಯದ ಕಾಯಿಲೆ ಕಮ್ಮಿ ಅಂತ, 1976ರಲ್ಲಿ ಶುರುವಾದ ನರ್ಸಸ್ ಹೆಲ್ತ್ ಸ್ಟಡಿ ಸೇರಿ ಹಲವು ಅಧ್ಯಯನಗಳು ತೋರಿಸಿದ್ದವು. ಆಮೇಲೆ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ಅಧ್ಯಯನ 16,608 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಿತು. 2002ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದಯದ ತೊಂದರೆ ಕಮ್ಮಿ ಆಗೋದಿರಲಿ, ಜಾಸ್ತಿಯೇ ಇತ್ತು, ಸ್ತನ ಕ್ಯಾನ್ಸರ್ ಕೂಡ. ತಾವಾಗಿ ಮಾತ್ರೆ ತಗೊಳ್ಳೋರು ಹೆಚ್ಚಾಗಿ ಅನುಕೂಲಸ್ಥರು, ಆರೋಗ್ಯದ ಬಗ್ಗೆ ಎಚ್ಚರ ಇರೋರು. ಅದರ ಲಾಭ ಮಾತ್ರೆಯ ಖಾತೆಗೆ ಹೋಗಿತ್ತು. ಜೊತೆಗೆ ಟ್ರಯಲ್‌ನಲ್ಲಿದ್ದವರ ಸರಾಸರಿ ವಯಸ್ಸು 63, ಎಷ್ಟೋ ಜನ ಮುಟ್ಟು ನಿಂತು ಬಹಳ ವರ್ಷ ಆದಮೇಲೆ ಶುರು ಮಾಡಿದವರು. ಹಾಗಾಗಿ ಎರಡೂ ಅಧ್ಯಯನ ಕೇಳಿದ ಪ್ರಶ್ನೆಯೇ ಪೂರ್ತಿ ಒಂದಾಗಿರಲಿಲ್ಲ. ಇದೆಲ್ಲ ಲೆಕ್ಕದ ತಪ್ಪಲ್ಲ ನೋಡಿ. ಯಾರನ್ನು ಯಾರ ಜೊತೆ, ಯಾವ ದಿನದಿಂದ ಹೋಲಿಸಿದ್ವಿ ಅನ್ನೋದು.

ಇಲ್ಲೇ ಇನ್ನೊಂದು ಭ್ರಮೆ ಬಿಡಿಸಬೇಕು. ಸಿನಿಮಾದಲ್ಲಿ ತೋರಿಸೋ ಹಾಗೆ ರೋಗದ ಬೆನ್ನು ಹತ್ತಿ ಓಡೋ ಕೆಲಸ ಇದು ಅಂತ ಸೇರೋರು ಇದ್ದಾರೆ. ಅಂಥ ದಿನಗಳೂ ಇವೆ, ಬಹಳ ಕಮ್ಮಿ. ಉಳಿದಂತೆ ಕೂತು ಸ್ಪ್ರೆಡ್‌ಶೀಟ್ ತೊಳೆಯೋದು. ವಯಸ್ಸಿನ ಕಾಲಮ್‌ನಲ್ಲಿ 999 ಇರುತ್ತೆ, 'ಗೊತ್ತಿಲ್ಲ' ಅನ್ನೋದಕ್ಕೆ ಯಾರೋ ಹಾಕಿದ ಕೋಡ್ ಅದು. ಅದನ್ನು ತೆಗೆಯದೆ ಸರಾಸರಿ ತೆಗೆದರೆ ವಾರ್ಡಿನ ತುಂಬ ಶತಾಯುಷಿಗಳು. 03/04 ಅಂತ ತಾರೀಕು ಇರುತ್ತೆ, ಏಪ್ರಿಲ್ಲೋ ಮಾರ್ಚೋ ಬರೆದವರಿಗೇ ಗೊತ್ತು. ಒಬ್ಬರೇ ರೋಗಿ ಎರಡು ಸ್ಪೆಲ್ಲಿಂಗ್‌ನಲ್ಲಿ ಎರಡು ಸಲ. ಖಾಲಿ ಬಿಟ್ಟ ಸೆಲ್ ಅಂದರೆ ಟೆಸ್ಟ್ ಮಾಡಿಲ್ಲವೋ, ನೆಗೆಟಿವ್ ಅಂತ ಬಿಟ್ಟಿದ್ದಾರೋ? ಫೋನ್ ಮಾಡಿ ಕೇಳಬೇಕು. ಭಾನುವಾರ ಕೇಸ್ ಸೊನ್ನೆ, ಸೋಮವಾರ ದುಪ್ಪಟ್ಟು, ಇದು ವೈರಸ್ ರಜೆ ತಗೊಂಡಿದ್ದಲ್ಲ. ಈ ಕೆಲಸದಲ್ಲಿ ನಿಮಗೆ ಒಂಚೂರು ಖುಷಿ ಸಿಗೋದಾದರೆ ಮುಂದೆ ಓದಿ. ಬೇಜಾರು ಅನ್ನಿಸಿದರೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಹಾಗಾದರೆ ದಾರಿ ಯಾವುದು? ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಎಲ್ಲ ಕಡೆ ಒಂದು ಸುತ್ತು ಹಾಕಿಸೋ ಕೋರ್ಸ್. ಎಪಿಡೆಮಿಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್, ಪರಿಸರ ಆರೋಗ್ಯ, ನೀತಿ ಮತ್ತು ಆಡಳಿತ, ಜನರ ನಡವಳಿಕೆ, ಇಷ್ಟೂ ಇರುತ್ತೆ. ಕಾರ್ಯಕ್ರಮ ನಡೆಸೋರಿಗೆ, ಈಗಾಗಲೇ ಇಲಾಖೆಯಲ್ಲಿ ಇರೋರಿಗೆ ಚೆನ್ನಾಗಿದೆ. ಅಪಾಯ ಏನಂದರೆ, ಡೇಟಾ ಅನಲೈಸ್ ಮಾಡೋ ವಿಧಾನದ ಕೋರ್ಸ್ ಒಂದೋ ಎರಡೋ ಮುಗಿಸಿ ಡಿಗ್ರಿ ಕೈಗೆ ಬಂದಿರುತ್ತೆ, ಇಂಟರ್ವ್ಯೂನಲ್ಲಿ ಒಂದು ಫೈಲ್ ಕೊಟ್ಟು 'ಇದನ್ನ ಅನಲೈಸ್ ಮಾಡಿ' ಅಂದರೆ ಕೈ ಓಡಲ್ಲ. ಎಂಪಿಎಚ್ ಸೇರೋದಾದರೆ ಎಪಿಡೆಮಿಯಾಲಜಿ ವಿಶೇಷ ವಿಷಯವಾಗಿ ಇರೋದಕ್ಕೆ ಸೇರಿ, ಐಚ್ಛಿಕಗಳನ್ನೆಲ್ಲ ವಿಧಾನಕ್ಕೇ ಹಾಕಿ.

ಎಪಿಡೆಮಿಯಾಲಜಿಯಲ್ಲೇ ಎಂಎಸ್ಸಿ ಅಂದರೆ ಹರವು ಕಮ್ಮಿ, ಆಳ ಜಾಸ್ತಿ, ಸಾಮಾನ್ಯವಾಗಿ ಥೀಸಿಸ್ ಇರುತ್ತೆ. ನಿಮ್ಮ ಪತ್ರ ಓದಿ ನನ್ನ ಮತ ಇದಕ್ಕೇ. ಅಪಾಯ ಇಲ್ಲೂ ಇದೆ. ಥೀಸಿಸ್ ಗೈಡ್ ಕೈಗೆ ಸಿಗದವರಾದರೆ ಎರಡು ವರ್ಷ ಮೂರಾಗುತ್ತೆ. ಬಯೋಸ್ಟ್ಯಾಟಿಸ್ಟಿಕ್ಸ್‌ಗೆ ಹೋಗಬೇಕು ಅಂತ ಮನಸ್ಸು ಎಳೆದರೆ, ಮೊದಲು ಒಂದು ವರ್ಷ ಸಂಜೆ ಹೊತ್ತು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಮಾಡಿ, ಅಂಕ ಸಿಗೋ ಕೋರ್ಸೇ ಆಗಿರಲಿ. ಅದು ಇಷ್ಟವಾದರೆ ಸರಿ, ಇಲ್ಲದಿದ್ದರೆ ದೊಡ್ಡ ಫೀಸ್ ಉಳಿಯಿತು.

ಇನ್ನೊಂದು ದಾರಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮುಯಿರ್ 1951ರಲ್ಲಿ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ ಶುರು ಮಾಡಿದರು. ಅದೇ ಮಾದರಿಯ ಫೀಲ್ಡ್ ಎಪಿಡೆಮಿಯಾಲಜಿ ತರಬೇತಿ ಈಗ ಹಲವು ದೇಶಗಳಲ್ಲಿದೆ. ಪೂರ್ತಿ ತರಬೇತಿ ಎರಡು ವರ್ಷ, ಪಾಠ ಕಮ್ಮಿ, ಹೆಚ್ಚಿನ ಸಮಯ ಇಲಾಖೆಯ ನಿಜವಾದ ಕೆಲಸವೇ. ಆದರೆ ಸಾಮಾನ್ಯವಾಗಿ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇರೋರಿಗೆ ಮೊದಲ ಆದ್ಯತೆ. ನೀವು ಸರ್ಕಾರಿ ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದರೆ ಕೆಲಸ ಬಿಡೋ ಮುಂಚೆ ಇದನ್ನು ವಿಚಾರಿಸಿ, ಬಿಟ್ಟ ಮೇಲೆ ಆ ಬಾಗಿಲು ಮುಚ್ಚಿಹೋಗಬಹುದು. ಪಿಎಚ್‌ಡಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳೋದು ಬೇಡ.

ಕೆಲಸದ ವಿಷಯ ನೇರವಾಗಿ ಹೇಳ್ತೀನಿ. ಸಾರ್ವಜನಿಕ ಆರೋಗ್ಯದಲ್ಲಿ ದುಡ್ಡು ಬರೋದು ಹೆದರಿಕೆ ಬಂದಾಗ. ಹೆದರಿಕೆ ಇಳಿದ ಮೇಲೆ ದುಡ್ಡೂ ಇಳಿಯುತ್ತೆ. ಕೋವಿಡ್ ಕಾಲದಲ್ಲಿ ಹುಟ್ಟಿದ ಎಷ್ಟೋ ಹುದ್ದೆ ಕಾಂಟ್ರ್ಯಾಕ್ಟ್ ಮುಗಿದ ಕೂಡಲೇ ಹೋದವು. ಗ್ರಾಂಟ್ ಮೇಲೆ ನಡೆಯೋ ಕೆಲಸಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಮುಂದೇನು ಅನ್ನೋ ಚಿಂತೆ ಇದ್ದೇ ಇರುತ್ತೆ, ಸಾಲ ಮಾಡಿ ಓದೋರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಆದರೆ ಈ ವಿಷಯ ಅಂದರೆ ಬರೀ ಅಂಟು ರೋಗ ಅಲ್ಲ. ಕ್ಯಾನ್ಸರ್ ರಿಜಿಸ್ಟ್ರಿ, ಸಕ್ಕರೆ ಕಾಯಿಲೆ, ಅಪಘಾತ, ಹೆರಿಗೆ, ಔಷಧಗಳ ಅಡ್ಡ ಪರಿಣಾಮ ಎಲ್ಲ ಇದರಲ್ಲೇ ಬರುತ್ತೆ. ನಿಮಗಂತೂ ಒಂದು ಅನುಕೂಲ ಕೈಯಲ್ಲೇ ಇದೆ. ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡೋಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಗ್ಲಾಸ್ ಅನ್ನೋ ಜಾಲ ಶುರು ಮಾಡಿತು. ಅಲ್ಲಿಗೆ ಹೋಗೋ ಅಂಕಿಅಂಶ ಹುಟ್ಟೋದು ನಿಮ್ಮಂಥ ಲ್ಯಾಬ್‌ಗಳಲ್ಲೇ. ಕಲ್ಚರ್ ಪ್ಲೇಟ್ ಓದೋಕೂ ಬರುತ್ತೆ, ಡೇಟಾ ಓದೋಕೂ ಬರುತ್ತೆ ಅನ್ನೋರು ಸಿಗೋದು ಕಷ್ಟ, ಹಾಗಾಗಿ ನಿಮ್ಮ ಹಳೇ ಅನುಭವವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಎಐ? ಕೋಡ್ ಬರೆಯೋದು ನಿಜಕ್ಕೂ ಸುಲಭ ಆಗಿದೆ. ಸುಮ್ನೆ ಟೇಬಲ್ ಮಾಡಿಕೊಡೋದೇ ಕೆಲಸ ಆಗಿದ್ದ ಆರಂಭದ ಹುದ್ದೆಗಳು ಕಮ್ಮಿಯಾದರೆ ನನಗೆ ಆಶ್ಚರ್ಯ ಇಲ್ಲ. ಆದರೆ ಆ ಖಾಲಿ ಸೆಲ್ ನೆಗೆಟಿವ್ವೋ, ಟೆಸ್ಟೇ ಮಾಡಿಲ್ಲವೋ ಅಂತ ಫೈಲ್‌ನೊಳಗೆ ಎಲ್ಲೂ ಬರೆದಿರಲ್ಲ. ನರ್ಸ್‌ಗೆ ಫೋನ್ ಮಾಡಿದವರಿಗೇ ಗೊತ್ತಾಗೋದು. ನೀವು ಕೋಡ್ ಕಲಿಯಲೇಬೇಕು, ಎಐ ಬರೆದದ್ದು ತಪ್ಪು ಅಂತ ಹಿಡಿಯೋಕಾದರೂ. ಡೇಟಾ ಅನಲೈಸ್ ಮಾಡೋ ಆರ್ (R) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಅದರಿಂದ ಶುರು ಮಾಡಿ. ಔಷಧ ಕಂಪನಿಗೆ ಹೋಗೋದಾದರೆ ಎಸ್‌ಎಎಸ್ (SAS) ಅನ್ನೋ ಇನ್ನೊಂದು ಸಾಫ್ಟ್‌ವೇರ್ ಆಮೇಲೆ ನೋಡಿಕೊಂಡರಾಯ್ತು.

ಫೀಸ್ ಕಟ್ಟೋ ಮುಂಚೆ ಆ ವಿಭಾಗದಲ್ಲಿ ಓದಿ ಮುಗಿಸಿದ ಇಬ್ಬರು ಮೂವರನ್ನು ಹುಡುಕಿ ಮಾತಾಡಿ. ಕಾಲೇಜಿನ ರ್‍ಯಾಂಕ್ ಕೇಳಬೇಡಿ. 'ಕೊಳಕು ಡೇಟಾ ಕೊಟ್ಟು ನೀವೇ ಅನಲೈಸ್ ಮಾಡಿ ಅಂದ್ರಾ, ತೊಳೆದಿಟ್ಟ ಫೈಲ್ ಕೊಟ್ರಾ? ನಿಮ್ಮ ಕೋಡ್ ಯಾರಾದ್ರೂ ಸಾಲು ಸಾಲು ಓದಿದ್ರಾ? ಈಗ ಎಲ್ಲಿ ಕೆಲಸ ಮಾಡ್ತಿದ್ದೀರಿ?' ಅಂತ ಕೇಳಿ. ಮೊದಲೆರಡಕ್ಕೆ ಸರಿಯಾದ ಉತ್ತರ ಬರದಿದ್ದರೆ ಡಿಗ್ರಿಯ ಹೆಸರು ಎಷ್ಟೇ ಚೆಂದ ಇರಲಿ, ಬಿಟ್ಟುಬಿಡಿ.

ಅರ್ಜಿಗೆ ಇನ್ನೂ ಕೆಲವು ತಿಂಗಳು ಇದ್ದರೆ ಒಂದು ಕೆಲಸ ಮಾಡಿ. ನಿಮ್ಮ ಲ್ಯಾಬ್ ಮುಖ್ಯಸ್ಥರ ಮತ್ತು ಆಸ್ಪತ್ರೆಯ ಎಥಿಕ್ಸ್ ಸಮಿತಿಯ ಲಿಖಿತ ಒಪ್ಪಿಗೆ ತಗೊಂಡು, ಹೆಸರು, ನಂಬರ್ ಎಲ್ಲ ತೆಗೆಸಿದ ಒಂದು ವರ್ಷದ ರಿಜಿಸ್ಟರ್ ಕೇಳಿ. ಪ್ರತಿ ತಿಂಗಳು ಎಷ್ಟು ಟೆಸ್ಟ್, ಎಷ್ಟು ಪಾಸಿಟಿವ್ ಅಂತ ಆರ್‌ನಲ್ಲಿ ಒಂದು ಗ್ರಾಫ್ ಮಾಡಿ. ಕೆಳಗೆ ಎರಡು ಪುಟ ಬರೆಯಿರಿ, ಏನು ಕಂಡಿತು ಅಂತ ಅರ್ಧ ಪುಟ, ಈ ಡೇಟಾದಿಂದ ಏನನ್ನು ಹೇಳೋಕೆ ಬರಲ್ಲ ಅಂತ ಒಂದೂವರೆ ಪುಟ. ಪ್ರವೇಶ ಸಮಿತಿಯಲ್ಲಿ ಕೂತಾಗ ನಾನು 'ಚಿಕ್ಕಂದಿನಿಂದ ಜನಸೇವೆ ಮಾಡಬೇಕು ಅಂತ ಆಸೆ' ಅನ್ನೋ ಪತ್ರಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಇಂಥ ಎರಡು ಪುಟ ಲಗತ್ತಿಸಿದವರು ಬೆರಳೆಣಿಕೆ. ಮುಖ್ಯಸ್ಥರ ಶಿಫಾರಸು ಪತ್ರವನ್ನೂ ಅದೇ ಕೆಲಸದ ಬಗ್ಗೆ ಬರೆಸಿಕೊಳ್ಳಿ, 'ಸಮಯಕ್ಕೆ ಸರಿಯಾಗಿ ಬರ್ತಾರೆ' ಅನ್ನೋ ಪತ್ರ ಬೇಡ.